ಕಂಪನಿ ಬದಲಿಸಿದರೆ ಸ್ಮಾರ್ಟ್ ಮೀಟರ್ ಏನಾಗುತ್ತದೆ?

ಪ್ರಶ್ನೆ: ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನಾವು ಬರುವ ಮೊದಲೇ ಇಲ್ಲಿ ವಿದ್ಯುತ್ತಿಗೊಂದು, ಗ್ಯಾಸಿಗೊಂದು ಸ್ಮಾರ್ಟ್ ಮೀಟರ್ ಹಾಕಿದ್ದರು. ಈಗಿನ ಕಂಪನಿಯ ಜೊತೆಗಿನ ಒಂದು ವರ್ಷದ ಸ್ಥಿರ ದರದ ಒಪ್ಪಂದ ಇನ್ನು ಐದು ವಾರದಲ್ಲಿ ಮುಗಿಯುತ್ತದೆ. ಬೇರೊಂದು ಕಂಪನಿಯ ದರ ಕಡಿಮೆ ಕಾಣುತ್ತಿದೆ. ಆದರೆ ಕಂಪನಿ ಬದಲಿಸಿದರೆ ಸ್ಮಾರ್ಟ್ ಮೀಟರ್ ಕೆಲಸ ನಿಲ್ಲಿಸುತ್ತದೆ ಎಂದು ಕಚೇರಿಯಲ್ಲಿ ಇಬ್ಬರು ಹೇಳಿದರು. ಇದು ನಿಜವೇ? ಮನೆಯ ಮಾಲೀಕರನ್ನು ಕೇಳಬೇಕೇ? ಹಳೆಯ ಕಂಪನಿಯಲ್ಲಿ ನಮ್ಮ 210 ಪೌಂಡ್ ಜಮೆ ಇದೆ, ಅದು ವಾಪಸು ಬರುತ್ತದೆಯೇ? ಅಡುಗೆಮನೆಯಲ್ಲಿಟ್ಟಿರುವ ಪುಟ್ಟ ಪರದೆಯಲ್ಲಿ ಎರಡು ವಾರದಿಂದ ಗ್ಯಾಸಿನ ಲೆಕ್ಕ ಕಾಣುತ್ತಿಲ್ಲ. ಅದು ಸರಿಯಾಗುವವರೆಗೆ ಕಾಯಬೇಕೇ?

ಉತ್ತರ: ಕಾಯಬೇಡಿ, ಧೈರ್ಯವಾಗಿ ಬದಲಿಸಿ. ನಿಮ್ಮ ಸಹೋದ್ಯೋಗಿಗಳು ಸುಳ್ಳು ಹೇಳಿಲ್ಲ. ಅವರು ಹೇಳಿದ್ದು ಕೆಲವು ವರ್ಷಗಳ ಹಿಂದೆ ನಿಜವಾಗಿತ್ತು, ಈಗ ಬಹುತೇಕ ಮನೆಗಳಿಗೆ ಅನ್ವಯಿಸುವುದಿಲ್ಲ. ಆದರೆ ಒಂದು ಕೆಲಸವನ್ನು ನೀವು ಮರೆಯಬಾರದು. ಹೊಸ ಕಂಪನಿ ವಹಿಸಿಕೊಳ್ಳುವ ದಿನ ಎರಡೂ ಮೀಟರ್‌ಗಳ ಮುಂದೆ ನಿಂತು, ಅಂಕಿಗಳನ್ನು ನೀವೇ ಓದಿ, ಫೋಟೊ ತೆಗೆದಿಟ್ಟುಕೊಳ್ಳಿ. ‘ಸ್ಮಾರ್ಟ್ ಮೀಟರ್ ಇದೆಯಲ್ಲ, ಎಲ್ಲ ತಾನಾಗಿ ಹೋಗುತ್ತದೆ’ ಎಂದು ಸುಮ್ಮನಿದ್ದವರೇ ಆಮೇಲೆ ಬಿಲ್ ಹಿಡಿದುಕೊಂಡು ನನ್ನ ಬಳಿಗೆ ಬರುವವರಲ್ಲಿ ಹೆಚ್ಚು.

ನಮ್ಮ ಊರುಗಳಲ್ಲಿ ತಂತಿ ಎಳೆದವರೇ ವಿದ್ಯುತ್ತನ್ನೂ ಮಾರುತ್ತಾರೆ. ಬೆಸ್ಕಾಂ ಪ್ರದೇಶದಲ್ಲಿ ಮನೆ ಇರುವವರು ನಮಗೆ ಹೆಸ್ಕಾಂನಿಂದ ಕೊಡಿ ಎಂದು ಕೇಳುವಂತಿಲ್ಲ. ಹೀಗಾಗಿ ಬ್ರಿಟನ್ನಿಗೆ ಬಂದ ಮೊದಲಲ್ಲಿ ನಮ್ಮವರಿಗೆ ಈ ‘ಕಂಪನಿ ಬದಲಾವಣೆ’ ಎಂಬುದೇ ಗಾಬರಿ ಹುಟ್ಟಿಸುತ್ತದೆ: ಮಧ್ಯದಲ್ಲಿ ಕರೆಂಟ್ ಹೋದರೆ? ಗ್ಯಾಸ್ ನಿಂತರೆ? ಚಳಿಗಾಲದಲ್ಲಿ ಮಗು ಇರುವ ಮನೆಯಾದರೆ? ಇಲ್ಲಿನ ವ್ಯವಸ್ಥೆಯೇ ಬೇರೆ. 1998–99ರ ಹೊತ್ತಿಗೆ ಗ್ರೇಟ್ ಬ್ರಿಟನ್ನಿನ ಮನೆಗಳಿಗೆಲ್ಲ ಮಾರಾಟ ಕಂಪನಿಯನ್ನು ಆರಿಸಿಕೊಳ್ಳುವ ಹಕ್ಕು ಬಂತು. ತಂತಿ ಮತ್ತು ಕೊಳವೆ ನೋಡಿಕೊಳ್ಳುವವರು ಒಬ್ಬರು, ನಿಮಗೆ ಬಿಲ್ ಕಳಿಸುವವರು ಇನ್ನೊಬ್ಬರು. ನೀವು ಬದಲಿಸುವುದು ಈ ಎರಡನೆಯವರನ್ನು ಮಾತ್ರ. ಬೀದಿಯಲ್ಲಿ ಯಾರೂ ಅಗೆಯುವುದಿಲ್ಲ, ಮನೆಗೆ ಯಾರೂ ಬರುವುದಿಲ್ಲ, ದೀಪ ಒಂದು ಕ್ಷಣವೂ ಆರುವುದಿಲ್ಲ. ವಿದ್ಯುತ್ ಕಡಿತವಾದರೆ ಕರೆ ಮಾಡಬೇಕಾದ 105 ಸಂಖ್ಯೆಯೂ ಯಾವ ಕಂಪನಿಯಾದರೂ ಅದೇ. (ಉತ್ತರ ಐರ್ಲೆಂಡಿನ ವ್ಯವಸ್ಥೆ ಬೇರೆ. ಅಲ್ಲಿರುವ ಓದುಗರಿಗೆ ನಾನು ಹೇಳುವ ನಿಯಮಗಳು ಅನ್ವಯಿಸುವುದಿಲ್ಲ.)

ಹಾಗಾದರೆ ಮೀಟರ್ ಕೆಲಸ ನಿಲ್ಲಿಸುತ್ತದೆ ಎಂಬ ಮಾತು ಎಲ್ಲಿಂದ ಬಂತು? ಮೊದಲ ತಲೆಮಾರಿನ ಸ್ಮಾರ್ಟ್ ಮೀಟರ್‌ಗಳಿಂದ. ಅವನ್ನು ‘ಸ್ಮೆಟ್ಸ್-1’ ಎನ್ನುತ್ತಾರೆ. ಅವು ತಮ್ಮನ್ನು ಅಳವಡಿಸಿದ ಕಂಪನಿಯ ಗಣಕದೊಂದಿಗೆ ಮಾತ್ರ ಮಾತನಾಡುತ್ತಿದ್ದವು. ಗ್ರಾಹಕರು ಬೇರೆ ಕಂಪನಿಗೆ ಹೋದ ಕೂಡಲೇ ಹೊಸಬರಿಗೆ ಆ ಮೀಟರಿನ ಭಾಷೆ ಅರ್ಥವಾಗುತ್ತಿರಲಿಲ್ಲ. ಮೀಟರ್ ಅಳೆಯುವುದನ್ನೇನೂ ನಿಲ್ಲಿಸುತ್ತಿರಲಿಲ್ಲ, ಕಳಿಸುವುದು ನಿಂತುಹೋಗುತ್ತಿತ್ತು. ಎರಡನೆಯ ತಲೆಮಾರಿನ ‘ಸ್ಮೆಟ್ಸ್-2’ ಮೀಟರ್‌ಗಳು ಹಾಗಲ್ಲ. ಅವೆಲ್ಲ ಡಿಸಿಸಿ ಎಂಬ ಒಂದೇ ರಾಷ್ಟ್ರೀಯ ಸಂಪರ್ಕ ಜಾಲದ ಮೂಲಕ ಮಾತನಾಡುತ್ತವೆ. ಎಲ್ಲ ಕಂಪನಿಗಳೂ ಅದೇ ಜಾಲದಿಂದ ಓದಿಕೊಳ್ಳುತ್ತವೆ. 2019ರಿಂದೀಚೆಗೆ ಹಾಕಿದ ಮೀಟರ್‌ಗಳು ಬಹುಪಾಲು ಎರಡನೆಯ ತಲೆಮಾರಿನವು. ಮೊದಲ ತಲೆಮಾರಿನವುಗಳನ್ನೂ ಹಂತ ಹಂತವಾಗಿ ಇದೇ ಜಾಲಕ್ಕೆ ಸೇರಿಸುತ್ತ ಬಂದಿದ್ದಾರೆ. ನಿಮ್ಮ ಮನೆಯದು ಯಾವುದು ಎಂಬ ಅನುಮಾನವಿದ್ದರೆ ಜನರಿಗೆ ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯ ಜಾಲತಾಣದಲ್ಲಿ ನೋಡಿಕೊಳ್ಳಬಹುದು, ಇಲ್ಲವೇ ಸೇರುವ ಮುನ್ನ ಹೊಸ ಕಂಪನಿಯನ್ನೇ ‘ನಮ್ಮ ಮೀಟರನ್ನು ನೀವು ದೂರದಿಂದ ಓದಬಲ್ಲಿರಾ?’ ಎಂದು ಕೇಳಿ. ಇಲ್ಲ ಎಂದರೂ ಬದಲಾವಣೆ ತಡೆಯಬೇಕಾಗಿಲ್ಲ. ತಿಂಗಳಿಗೊಮ್ಮೆ ಅಂಕಿ ಓದಿ ಕಳಿಸುವ ಹಳೆಯ ಪದ್ಧತಿಗೆ ಮರಳುತ್ತೀರಿ, ಅಷ್ಟೆ.

2017ರ ಶರತ್ಕಾಲದಲ್ಲಿ ನನ್ನ ಮನೆಯಲ್ಲೇ ಇದು ನಡೆಯಿತು. ಕಂಪನಿ ಬದಲಿಸಿದ ವಾರದಲ್ಲೇ ಪರದೆ ಖಾಲಿಯಾಯಿತು. ಹೊಸ ಕಂಪನಿ ಅಂದಾಜಿನ ಮೇಲೆ ಬಿಲ್ ಕಳಿಸತೊಡಗಿತು. ನಾನೂ ಕೆಲಸದ ಗಡಿಬಿಡಿಯಲ್ಲಿ ಎಂಟು ತಿಂಗಳು ಅತ್ತ ನೋಡಲಿಲ್ಲ. ನೋಡಿದಾಗ ಅವರ ಅಂದಾಜು ಮೀಟರಿನ ಅಂಕಿಗಿಂತ 1,900 ಯೂನಿಟ್ ಮುಂದೆ ಓಡಿತ್ತು. ಬದಲಾದ ದಿನ ಬೆಳಿಗ್ಗೆ ತೆಗೆದ ಒಂದು ಫೋಟೊ ನನ್ನ ಮೊಬೈಲಿನಲ್ಲಿತ್ತು. ಅದನ್ನೂ ಅಂದಿನ ಫೋಟೊವನ್ನೂ ಜೋಡಿಸಿ ಕಳಿಸಿದೆ, ಒಂದು ವಾರದಲ್ಲಿ ಬಿಲ್ ತಿದ್ದಿದರು. ಅದೇ ಬೀದಿಯ ಇನ್ನೊಂದು ಮನೆಯವರಿಗೂ ಇದೇ ತೊಂದರೆ ಆಗಿತ್ತು. ಅವರ ಬಳಿ ಆರಂಭದ ಅಂಕಿ ಇರಲಿಲ್ಲ. ಹಳೆಯವರು ಒಂದು ಅಂಕಿ ಹೇಳಿದರು, ಹೊಸಬರು ಇನ್ನೊಂದು, ಇಬ್ಬರ ನಡುವಿನ ಯೂನಿಟ್‌ಗಳಿಗೆ ಅವರು ಎರಡು ಸಲ ಹಣ ಕಟ್ಟಿದರು. ವಾಪಸು ಪಡೆಯಲು ಹಿಡಿದ ತಿಂಗಳುಗಳನ್ನು, ಮಾಡಿದ ಕರೆಗಳನ್ನು ಕಣ್ಣಾರೆ ನೋಡಿದ್ದೇನೆ. ಅಂದಿನಿಂದ ಯಾರು ಕೇಳಿದರೂ ಮೊದಲು ಹೇಳುವುದು ಫೋಟೊದ ಮಾತನ್ನೇ.

ಓದುವುದು ಹೇಗೆ? ಹೆಚ್ಚಿನ ಮನೆಗಳಲ್ಲಿ ವಿದ್ಯುತ್ ಮೀಟರ್ ಮೆಟ್ಟಿಲ ಕೆಳಗಿನ ಗೂಡಿನಲ್ಲೋ ಮುಂಬಾಗಿಲ ಪಕ್ಕದ ಪೆಟ್ಟಿಗೆಯಲ್ಲೋ ಇರುತ್ತದೆ. ಅದರ ಮೇಲೆ ಇನ್ನೊಂದು ಸಣ್ಣ ಪೆಟ್ಟಿಗೆ ಕೂತಿರುತ್ತದೆ, ಅದು ಹೊರಗಿನ ಜಾಲಕ್ಕೆ ಸುದ್ದಿ ಕಳಿಸುವ ಸಂಪರ್ಕ ಪೆಟ್ಟಿಗೆ. ಅದರ ಪುಟ್ಟ ಹಸಿರು ದೀಪಗಳಲ್ಲಿ ‘ವ್ಯಾನ್’ (WAN) ಎಂದು ಬರೆದಿರುವುದು ಸುಮಾರು 5 ಸೆಕೆಂಡಿಗೊಮ್ಮೆ ನಿಧಾನವಾಗಿ ಮಿನುಗುತ್ತಿದ್ದರೆ ಸಂಪರ್ಕ ಇದೆ ಎಂದರ್ಥ. ಮೀಟರಿನಲ್ಲಿ ಅಂಕಿಗಳ ಗುಂಡಿಗಳಿದ್ದರೆ 9 ಒತ್ತಿ. ಪರದೆ ಬೆಳಗಿ, ‘ಟೋಟಲ್ ಆಕ್ಟ್ ಇಂಪೋರ್ಟ್’ ಎಂದೋ ‘ಇಂಪ್’ ಎಂದೋ ಬಂದು, ಹಿಂದೆಯೇ ಸೊನ್ನೆಗಳಿಂದ ಆರಂಭವಾಗುವ ಸಾಲೊಂದು ಕಿಲೋವ್ಯಾಟ್ ಗಂಟೆಯ ಗುರುತಿನೊಂದಿಗೆ ಬರುತ್ತದೆ. ಮುಂದಿನ ಸೊನ್ನೆಗಳನ್ನೂ ಚುಕ್ಕೆಯ ನಂತರದ ಅಂಕಿಯನ್ನೂ ಬಿಟ್ಟು ಉಳಿದದ್ದೇ ನಿಮ್ಮ ಓದು. ರಾತ್ರಿಗೊಂದು ಹಗಲಿಗೊಂದು ದರ ಇರುವವರಿಗೆ ಎರಡು ಸಾಲು ಬರುತ್ತವೆ, ಎರಡನ್ನೂ ತೆಗೆದುಕೊಳ್ಳಿ. ಗ್ಯಾಸ್ ಮೀಟರಿನಲ್ಲೂ ಹೆಚ್ಚುಕಡಿಮೆ ಹೀಗೇ, ಅಲ್ಲಿ ‘ವಾಲ್ಯೂಮ್’ ಎಂದು ಬಂದು ಘನ ಮೀಟರಿನಲ್ಲಿ ಅಂಕಿ ತೋರುತ್ತದೆ. ಗೂಡು ಕತ್ತಲಾಗಿರುತ್ತದೆ, ಪರದೆ ಬೇಗ ಆರಿಹೋಗುತ್ತದೆ. ಒಬ್ಬರು ಗುಂಡಿ ಒತ್ತಿ ಇನ್ನೊಬ್ಬರು ಫೋಟೊ ತೆಗೆದರೆ ಸುಲಭ. ಮೀಟರಿನ ಮೈಮೇಲೆ ಮುದ್ರಿಸಿರುವ ಕ್ರಮಸಂಖ್ಯೆಯೂ ಒಂದು ಫೋಟೊದಲ್ಲಿ ಬರಲಿ, ಅದನ್ನು ಬಿಲ್ಲಿನಲ್ಲಿರುವ ಸಂಖ್ಯೆಗೆ ಹೋಲಿಸಿ. ವಸತಿ ಸಮುಚ್ಚಯಗಳಲ್ಲಿ ಪಕ್ಕದ ಮನೆಯ ಮೀಟರಿಗೆ ಹಣ ಕಟ್ಟುತ್ತಿದ್ದ ಕುಟುಂಬಗಳನ್ನು ನಾನು ನೋಡಿದ್ದೇನೆ. ಹಾಗೆಯೇ ಅರ್ಜಿ ತುಂಬುವಾಗ ಬಿಲ್ಲಿನಲ್ಲಿರುವ ವಿದ್ಯುತ್ ಸಂಪರ್ಕದ 13 ಅಂಕಿಗಳ ಎಂಪಿಎಎನ್ ಸಂಖ್ಯೆ ಮತ್ತು ಗ್ಯಾಸಿನ ಎಂಪಿಆರ್‌ಎನ್ ಸಂಖ್ಯೆ ಸರಿಯಾಗಿವೆಯೇ ನೋಡಿ. ಇಲ್ಲಿ ಸಂಖ್ಯೆ ತಪ್ಪಿದರೆ ನೆರೆಯವರ ಕಂಪನಿ ಬದಲಾಗಿಬಿಡಬಹುದು.

ಗ್ಯಾಸಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಮೀಟರ್ ಅಳೆಯುವುದು ಘನ ಮೀಟರಿನಲ್ಲಿ, ಬಿಲ್ ಬರುವುದು ಕಿಲೋವ್ಯಾಟ್ ಗಂಟೆಯಲ್ಲಿ. ಮೀಟರಿನಲ್ಲಿ 50 ಘನ ಮೀಟರ್ ಖರ್ಚಾಗಿದ್ದರೆ ಅದನ್ನು 1.02264ರಿಂದ ಗುಣಿಸಿ, ಗ್ಯಾಸ್ ಎಷ್ಟು ಶಾಖ ಕೊಡುತ್ತದೆ ಎಂದು ಹೇಳುವ, ಬಿಲ್ಲಿನಲ್ಲೇ ಕೊಟ್ಟಿರುವ ಕ್ಯಾಲೊರಿಫಿಕ್ ಮೌಲ್ಯದಿಂದ (ಸುಮಾರು 39.5 ಇರುತ್ತದೆ) ಮತ್ತೆ ಗುಣಿಸಿ, 3.6ರಿಂದ ಭಾಗಿಸಿದರೆ 561 ಕಿಲೋವ್ಯಾಟ್ ಗಂಟೆ, ಅಂದರೆ 561 ಯೂನಿಟ್ ಬರುತ್ತದೆ. ಅಂದರೆ ಒಂದು ಘನ ಮೀಟರಿಗೆ 11 ಯೂನಿಟ್ ಆಸುಪಾಸು ಎಂದು ನೆನಪಿಟ್ಟುಕೊಂಡರೆ ಸಾಕು. ನಿಮ್ಮ ಬಿಲ್ಲಿನಲ್ಲಿ ಒಂದಕ್ಕೆ 31ರಷ್ಟು ಬಂದಿದ್ದರೆ, ಹಳೆಯ ಘನ ಅಡಿ ಮೀಟರ್ ಇನ್ನೂ ಇದೆ ಎಂದು ಕಂಪನಿಯ ದಾಖಲೆ ತಿಳಿದುಕೊಂಡಿದೆ. ಹಳೆಯ ಮೀಟರ್ ತೆಗೆದು ಸ್ಮಾರ್ಟ್ ಮೀಟರ್ ಹಾಕಿದಾಗ ದಾಖಲೆ ತಿದ್ದದಿದ್ದರೆ ಹೀಗಾಗುತ್ತದೆ, ಬಿಲ್ ಮೂರರಷ್ಟರ ಹತ್ತಿರ ಏರುತ್ತದೆ. ಕಂಪನಿ ಬದಲಾದಾಗ ದಾಖಲೆಗಳು ಕೈಯಿಂದ ಕೈಗೆ ಹೋಗುವುದರಿಂದ ಮೊದಲ ಬಿಲ್ಲಿನಲ್ಲಿ ಈ ಲೆಕ್ಕವನ್ನು ತಪ್ಪದೆ ಮಾಡಿ ನೋಡಿ.

ಇನ್ನು ನಿಮ್ಮ 210 ಪೌಂಡ್. ಅದು ನಿಮ್ಮದೇ ಹಣ, ಬರುತ್ತದೆ. ಬದಲಾವಣೆಯಾದ 6 ವಾರದೊಳಗೆ ಹಳೆಯ ಕಂಪನಿ ಕೊನೆಯ ಬಿಲ್ ಕಳಿಸಬೇಕು, ಅದಾದ 10 ಕೆಲಸದ ದಿನಗಳೊಳಗೆ ಉಳಿದ ಜಮೆಯನ್ನು ಹಿಂತಿರುಗಿಸಬೇಕು. ತಡವಾದರೆ ನೀವು ಕೇಳದೆಯೇ ಪರಿಹಾರ ಕೊಡಬೇಕೆಂಬ ನಿಯಮವೂ ಇದೆ. ಪೂರ್ತಿ 210 ಬರಲಾರದು, ಕೊನೆಯ ಕೆಲವು ವಾರಗಳ ಬಳಕೆಯನ್ನು ಅದರಲ್ಲೇ ಮುರಿದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಹೆಚ್ಚು ಕಟ್ಟಿ ಚಳಿಗಾಲದಲ್ಲಿ ಕರಗಿಸುವುದೇ ಬ್ಯಾಂಕ್ ಖಾತೆಯಿಂದ ತಿಂಗಳಿಗೊಮ್ಮೆ ತಾನಾಗಿ ಹಣ ಹೋಗುವ ಡೈರೆಕ್ಟ್ ಡೆಬಿಟ್‌ನ ರೀತಿಯಾದ್ದರಿಂದ, ಜಮೆ ದೊಡ್ಡದಾಗಿ ಕಂಡರೆ ಅದನ್ನು ಲಾಭವೆಂದು ಎಣಿಸಬೇಡಿ. ಹೊಸ ಕಂಪನಿಯಲ್ಲಿ ಶೂನ್ಯದಿಂದ ಆರಂಭಿಸುತ್ತೀರಿ. ಚಳಿಗಾಲದ ಹೊಸ್ತಿಲಲ್ಲಿ ಬದಲಿಸುವವರು ವಾಪಸು ಬಂದ ಹಣವನ್ನು ಖರ್ಚು ಮಾಡದೆ ಇಟ್ಟುಕೊಂಡರೆ ಜನವರಿಯ ಬಿಲ್ ಕಷ್ಟವಾಗುವುದಿಲ್ಲ. ಕೊನೆಯ ಬಿಲ್ ಚುಕ್ತಾ ಆಗುವವರೆಗೆ ಹಳೆಯ ಡೈರೆಕ್ಟ್ ಡೆಬಿಟ್ ಅನ್ನು ಬ್ಯಾಂಕಿನಲ್ಲಿ ರದ್ದು ಮಾಡಬೇಡಿ. ಸಣ್ಣ ಕಂಪನಿ ಮುಳುಗಿದರೆ ಹಣ ಹೋಗುತ್ತದೆ ಎಂಬ ಭಯವೂ ಹಲವರಿಗಿದೆ. 2021–22ರಲ್ಲಿ ಮೂವತ್ತರ ಹತ್ತಿರ ಕಂಪನಿಗಳು ಬಾಗಿಲು ಹಾಕಿದಾಗ ನಿಯಂತ್ರಣ ಸಂಸ್ಥೆಯಾದ ಆಫ್‌ಜೆಮ್ ಗ್ರಾಹಕರನ್ನು ಬೇರೆ ಕಂಪನಿಗಳಿಗೆ ವಹಿಸಿತು, ಮನೆಬಳಕೆಯವರ ಜಮೆಗೆ ರಕ್ಷಣೆ ಇತ್ತು.

ಈಗ ನೀವು ಕೇಳದ ಒಂದು ಮಾತು, ಆದರೆ ನನಗೆ ಮುಖ್ಯವಾದದ್ದು. ‘ದರ ಕಡಿಮೆ ಕಾಣುತ್ತಿದೆ’ ಎಂದು ಬರೆದಿದ್ದೀರಿ. ಯಾವ ಅಂಕಿಯನ್ನು ನೋಡಿ? ತಿಂಗಳಿಗೆ ಇಷ್ಟು ಪೌಂಡ್ ಎಂದು ತೋರಿಸುವುದು ಅವರ ಊಹೆ. ನೋಡಬೇಕಾದವು ಎರಡೇ: ಒಂದು ಯೂನಿಟ್‌ಗೆ ಎಷ್ಟು ಪೆನ್ಸ್, ಬಳಸಿದರೂ ಬಿಟ್ಟರೂ ದಿನಕ್ಕೆ ಕಟ್ಟಬೇಕಾದ ಸ್ಟ್ಯಾಂಡಿಂಗ್ ಚಾರ್ಜ್ ಎಷ್ಟು. ಲೆಕ್ಕಕ್ಕಾಗಿ ನಾನೇ ಎರಡು ದರ ಇಟ್ಟುಕೊಳ್ಳುತ್ತೇನೆ. ಒಂದು ಕಂಪನಿ ಯೂನಿಟ್‌ಗೆ 24 ಪೆನ್ಸ್, ದಿನಕ್ಕೆ 60 ಪೆನ್ಸ್ ಎನ್ನುತ್ತದೆ. ಇನ್ನೊಂದು 26 ಮತ್ತು 45. ವರ್ಷಕ್ಕೆ 1,800 ಯೂನಿಟ್ ವಿದ್ಯುತ್ ಬಳಸುವ ಇಬ್ಬರ ಮನೆಗೆ ಮೊದಲನೆಯದರಲ್ಲಿ 651 ಪೌಂಡ್, ಎರಡನೆಯದರಲ್ಲಿ 632. ಯೂನಿಟ್ ದರ ಹೆಚ್ಚಿದ್ದದ್ದೇ ಅಗ್ಗವಾಯಿತು. 4,000 ಯೂನಿಟ್ ಬಳಸುವ ದೊಡ್ಡ ಕುಟುಂಬಕ್ಕೆ 1,179 ಮತ್ತು 1,204, ಅಲ್ಲಿ ತಕ್ಕಡಿ ತಿರುಗಿತು. 2,700ರ ಹತ್ತಿರ ಎರಡೂ ಸಮ, ಮತ್ತು ಆಫ್‌ಜೆಮ್ ಮಧ್ಯಮ ಬಳಕೆಯ ಮನೆಗೆ 2023ರಲ್ಲಿ ಇಟ್ಟುಕೊಂಡಿದ್ದ ಅಂಕಿಯೂ ಅದೇ. ಗ್ಯಾಸಿಗೂ ಹೀಗೆಯೇ ಪ್ರತ್ಯೇಕವಾಗಿ ಲೆಕ್ಕ ಹಾಕಿ. ನಿಮ್ಮ ವರ್ಷದ ಬಳಕೆ ಸ್ಮಾರ್ಟ್ ಮೀಟರ್ ಇರುವುದರಿಂದ ಬಿಲ್ಲಿನಲ್ಲೇ ಸರಿಯಾಗಿ ಸಿಗುತ್ತದೆ. ಅಂದಾಜು ಬೇಡ ಎಂಬುದೇ ಈ ಮೀಟರಿನಿಂದ ನಿಮಗಾಗುವ ದೊಡ್ಡ ಉಪಕಾರ. ನಿಯಂತ್ರಣ ಸಂಸ್ಥೆಯ ದರಮಿತಿ ಇದೆಯಲ್ಲ, ಯಾವುದಾದರೂ ಒಂದೇ ಎಂದು ಸುಮ್ಮನಿರಬೇಡಿ. 2019ರ ಜನವರಿಯಿಂದ ಇರುವ ಆ ಮಿತಿ ಯೂನಿಟ್ ದರಕ್ಕೂ ದಿನದ ಶುಲ್ಕಕ್ಕೂ ಹೊರತು ನಿಮ್ಮ ಒಟ್ಟು ಬಿಲ್ಲಿಗಲ್ಲ, ಅದೂ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ. ಒಪ್ಪಂದ ಮುಗಿದ ಮೇಲೆ ಏನೂ ಮಾಡದೆ ಕೂತರೆ ನಿಮ್ಮನ್ನು ಸಾಮಾನ್ಯವಾಗಿ ಆ ಮಿತಿಯ ಆಸುಪಾಸಿನ ದರಕ್ಕೇ ಹಾಕುತ್ತಾರೆ.

ಮಾಲೀಕರ ವಿಷಯ ಸರಳ. ಬಿಲ್ ನಿಮ್ಮ ಹೆಸರಿಗೆ ಬಂದು ನೀವೇ ಕಟ್ಟುತ್ತಿದ್ದರೆ ಕಂಪನಿ ಆರಿಸುವ ಹಕ್ಕು ನಿಮ್ಮದು. ಬಾಡಿಗೆ ಕರಾರಿನಲ್ಲಿ ಇಂಥದೇ ಕಂಪನಿ ಎಂಬ ಸಾಲು ಇದೆಯೇ ಒಮ್ಮೆ ಓದಿ, ಬದಲಿಸಿದ ಮೇಲೆ ಮಾಲೀಕರಿಗೆ ಒಂದು ಇಮೇಲ್ ಹಾಕಿ. ಬಾಡಿಗೆಯಲ್ಲೇ ವಿದ್ಯುತ್ ಸೇರಿದ್ದು ಮಾಲೀಕರೇ ಬಿಲ್ ಕಟ್ಟುವುದಾದರೆ ಮಾತ್ರ ಆಯ್ಕೆ ಅವರದು.

ಅಡುಗೆಮನೆಯ ಪರದೆಗೆ ಬರೋಣ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತೇವಲ್ಲ, ಆ ಪರದೆ ಬರೀ ಕನ್ನಡಿ. ಅದು ಆರಿಹೋದರೂ, ಕೆಳಗೆ ಬಿದ್ದು ಒಡೆದರೂ ಮೀಟರ್ ಅಳೆಯುತ್ತಲೇ ಇರುತ್ತದೆ, ಕಂಪನಿಗೆ ಕಳಿಸುತ್ತಲೇ ಇರುತ್ತದೆ. ಬಿಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಗ್ಯಾಸಿನ ಲೆಕ್ಕ ಮಾತ್ರ ಕಾಣದಿರುವುದಕ್ಕೆ ಕಾರಣವಿದೆ. ವಿದ್ಯುತ್ ಮೀಟರಿಗೆ ಸದಾ ವಿದ್ಯುತ್ ಸಿಗುತ್ತದೆ, ಗ್ಯಾಸ್ ಮೀಟರ್ ಬ್ಯಾಟರಿಯಲ್ಲಿ ವರ್ಷಾನುಗಟ್ಟಲೆ ಬದುಕಬೇಕು. ಹಾಗಾಗಿ ಅದು ನಿದ್ದೆಯಲ್ಲೇ ಇದ್ದು ಅರ್ಧ ಗಂಟೆಗೊಮ್ಮೆ ಎಚ್ಚೆತ್ತು ಸಂಪರ್ಕ ಪೆಟ್ಟಿಗೆಗೆ ಅಂಕಿ ಒಪ್ಪಿಸಿ ಮತ್ತೆ ಮಲಗುತ್ತದೆ. ನಡುವೆ ದಪ್ಪ ಗೋಡೆಯಿದ್ದರೆ ಆ ಮಾತು ಕೇಳಿಸದೆ ಹೋಗಬಹುದು. ಪರದೆಯನ್ನು ಪ್ಲಗ್‌ನಲ್ಲೇ ಇಟ್ಟು, ಮೈಕ್ರೋವೇವ್ ಮತ್ತು ವೈಫೈ ರೂಟರ್‌ಗಳಿಂದ ದೂರ, ಮೀಟರಿಗೆ ಹತ್ತಿರವಿರುವ ಕೋಣೆಯಲ್ಲಿ ಒಂದು ಪೂರ್ತಿ ದಿನ ಬಿಟ್ಟು ನೋಡಿ. ಆಗಲೂ ಬರದಿದ್ದರೆ, ಮುಂದಿನ ಬಿಲ್ಲಿನಲ್ಲಿ ಗ್ಯಾಸಿನ ಸಾಲಿನ ಎದುರು ‘ಅಂದಾಜು’ ಎಂದಿದೆಯೇ ನೋಡಿ. ಅಂದಾಜು ಎಂದಿದ್ದರೆ ತೊಂದರೆ ಮೀಟರಿನ ಕಡೆಗಿದೆ, ಸರಿಪಡಿಸುವುದು ಕಂಪನಿಯ ಕೆಲಸ. ಇಲ್ಲದಿದ್ದರೆ ತೊಂದರೆ ಪರದೆಯದು ಮಾತ್ರ. ಬದಲಾದ ಮೇಲೆ ಕೆಲವು ದಿನ ಪರದೆ ಹಳೆಯ ದರದಲ್ಲೇ ಪೌಂಡ್ ಲೆಕ್ಕ ತೋರಿಸಬಹುದು, ಹೊಸ ಕಂಪನಿ ತನ್ನ ದರ ಕಳಿಸಿದ ಮೇಲೆ ಸರಿಹೋಗುತ್ತದೆ. ಹೊಸಬರು ಹೊಸ ಪರದೆ ಕೊಡಲೇಬೇಕೆಂದೇನೂ ಇಲ್ಲ.

ಹೊಸ ಕಂಪನಿ ಸೇರಿಸಿಕೊಳ್ಳುವಾಗ ಎಷ್ಟು ಬಾರಿ ಓದಿಕೊಳ್ಳಬಹುದು ಎಂದು ಕೇಳುತ್ತದೆ: ತಿಂಗಳಿಗೊಮ್ಮೆ, ದಿನಕ್ಕೊಮ್ಮೆ, ಅಥವಾ ಅರ್ಧ ಗಂಟೆಗೊಮ್ಮೆ. ಎಲೆಕ್ಟ್ರಿಕ್ ಕಾರು ಇದ್ದು ರಾತ್ರಿ ಅಗ್ಗದ ದರದಲ್ಲಿ ಚಾರ್ಜ್ ಮಾಡುವವರಿಗೆ ಅರ್ಧ ಗಂಟೆಯದು ಬೇಕೇ ಬೇಕು. ಉಳಿದವರು ದಿನಕ್ಕೊಮ್ಮೆ ಎಂದರೆ ಸಾಕು ಎಂಬುದು ನನ್ನ ಅಭಿಪ್ರಾಯ. ಯಾವ ಉಪಕರಣ ಉರಿಯುತ್ತಿದೆ ಎಂದು ಮೀಟರಿಗೆ ತಿಳಿಯುವುದಿಲ್ಲ, ಒಟ್ಟು ಎಷ್ಟು ಎಂದಷ್ಟೇ ತಿಳಿಯುತ್ತದೆ. ಆದರೂ ಮನೆಯವರು ಯಾವಾಗ ಏಳುತ್ತಾರೆ, ಯಾವಾಗ ಊರಲ್ಲಿರುವುದಿಲ್ಲ ಎಂಬುದನ್ನು ಅರ್ಧ ಗಂಟೆಯ ಲೆಕ್ಕದಿಂದ ಊಹಿಸಬಹುದು. ಬೇಡವೆನಿಸಿದರೆ ಬೇಡವೆನ್ನಿ.

ಎಷ್ಟೇ ಜೋಪಾನ ಮಾಡಿದರೂ ತಕರಾರು ಬಂದರೆ ಮೊದಲು ಕಂಪನಿಗೆ ಬರಹದಲ್ಲಿ ದೂರು ಕೊಡಿ, ಫೋಟೊಗಳನ್ನು ಸೇರಿಸಿ. 8 ವಾರ ಕಳೆದರೂ ಬಗೆಹರಿಯದಿದ್ದರೆ ಗ್ರಾಹಕರ ಇಂಥ ತಕರಾರು ತೀರ್ಮಾನಿಸುವ ಎನರ್ಜಿ ಓಂಬುಡ್ಸ್‌ಮನ್ ಬಳಿ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಮತ್ತು ನಿಮ್ಮ ತಪ್ಪಿಲ್ಲದೆ ಬಿಲ್ ಮಾಡದೆ ಬಿಟ್ಟ ಬಳಕೆಗೆ 12 ತಿಂಗಳಿಗಿಂತ ಹಿಂದಿನ ಹಣವನ್ನು ಯಾವ ಕಂಪನಿಯೂ ಕೇಳುವಂತಿಲ್ಲ.

ಒಪ್ಪಂದ ಮುಗಿಯುವ ಕೊನೆಯ 49 ದಿನಗಳಲ್ಲಿ ಬಿಟ್ಟುಹೋಗುವವರಿಂದ ನಿರ್ಗಮನ ಶುಲ್ಕ ವಸೂಲು ಮಾಡುವಂತಿಲ್ಲ. ನಿಮಗೆ ಉಳಿದಿರುವುದು 35 ದಿನ, ಅಂದರೆ ಆ ಅವಧಿಯ ಒಳಗೇ ಇದ್ದೀರಿ. ಅರ್ಜಿ ಹಾಕಿದ ಮೇಲೆ ಬದಲಾವಣೆಗೆ 5 ಕೆಲಸದ ದಿನ ಸಾಕು, ಮನಸ್ಸು ಬದಲಾದರೆ ಹಿಂದೆಗೆಯಲು 14 ದಿನಗಳ ಅವಕಾಶವಿದೆ. ಆದರೆ ಈಗಿನ ನಿಮ್ಮ ಸ್ಥಿರ ದರ ಹೊಸದಕ್ಕಿಂತ ಅಗ್ಗವಾಗಿದ್ದರೆ ಅದನ್ನು ಕೊನೆಯ ವಾರದವರೆಗೂ ಬಳಸಿಕೊಳ್ಳಿ. ಹೊಸ ದರವನ್ನು ಇಂದೇ ಗೊತ್ತು ಮಾಡಿಕೊಂಡು, ಬದಲಾವಣೆಯ ದಿನಾಂಕವನ್ನು ಮುಂದಕ್ಕೆ ಇಡಲು ಸಾಧ್ಯವೇ ಎಂದು ಕೇಳಿ. ಇಂದು ಸಂಜೆ ಈಗಿನ ಬಿಲ್ಲನ್ನೂ ಹೊಸ ಕಂಪನಿಯ ದರಪಟ್ಟಿಯನ್ನೂ ಎದುರಿಗಿಟ್ಟುಕೊಂಡು ಮೇಲಿನ ಲೆಕ್ಕ ಮಾಡಿ. ಗೊಂದಲವೆನಿಸಿದರೆ ಎರಡೂ ಕಂಪನಿಗಳ ಯೂನಿಟ್ ದರವನ್ನೂ ದಿನದ ಶುಲ್ಕವನ್ನೂ ನಿಮ್ಮ ವರ್ಷದ ಬಳಕೆಯನ್ನೂ ಬರೆದು ಕಳಿಸಿ, ನಾನೇ ಲೆಕ್ಕ ಹಾಕಿ ತಿಳಿಸುತ್ತೇನೆ.